ಡಬ್ಬ ನಮ್ಮದು, ಬುದ್ಧಿ ಯಾರದು?

ದನಗಳ ಜಾತ್ರೆಗೆ ಹೋದ ರೈತ ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ. ಬೆಂಗಳೂರಿನ ಎಸ್.ಪಿ. ರೋಡಿಗೆ ರೂಟರ್ ತರಲು ಹೋದ ನಾವು ಕೊಂಬು ಎಣಿಸುತ್ತೇವೆ. ರೈತನ ಪರೀಕ್ಷೆಯಲ್ಲಿ ಲೆಕ್ಕಾಚಾರವಿದೆ. ಹಲ್ಲು ನೋಡಿದರೆ ಎತ್ತಿನ ವಯಸ್ಸು ತಿಳಿಯುತ್ತದೆ. ನಮ್ಮ ಪರೀಕ್ಷೆಯಿಂದ ತಿಳಿಯುವುದು ಕೊಂಬು ಎಷ್ಟಿವೆ ಅನ್ನುವುದು ಮಾತ್ರ. "ಇದಕ್ಕೆ ನಾಲ್ಕು ಆಂಟೆನಾ ಸಾರ್, ಅದಕ್ಕೆ ಆರು" ಎಂದು ಅಂಗಡಿಯವನು ಹೇಳಿ ಮುಗಿಸುವ ಮೊದಲೇ ಆರರದ್ದು ನಮ್ಮ ಕಂಕುಳಲ್ಲಿರುತ್ತದೆ. ನಮ್ಮ ಫೋನಿನ ಹೊಟ್ಟೆಯೊಳಗೆ ವೈಫೈಗೆಂದು ಇರುವುದು ಸಾಮಾನ್ಯವಾಗಿ ಎರಡೇ ಆಂಟೆನಾ. ಆರು ಬಾಯಿಯವನು ಎರಡು ಕಿವಿಯವನ ಜೊತೆ ಎಷ್ಟು ಮಾತಾಡಿಯಾನು ಎಂದು ಯಾರೂ ಕೇಳುವುದಿಲ್ಲ. ಶೋಕೇಸಿನ ಮೇಲೆ ಚೆನ್ನಾಗಿ ಕಾಣುತ್ತದಲ್ಲ, ಅಷ್ಟು ಸಾಕು.

ಕೊಂಬಿನ ನಂತರ ಕಣ್ಣು ಹೋಗುವುದು ಡಬ್ಬದ ಮೇಲಿನ ದಪ್ಪ ಅಂಕಿಯ ಕಡೆಗೆ. ಎಸಿ1200! ಹನ್ನೆರಡು ನೂರು ಎಂಬಿಪಿಎಸ್ ಎಂದು ಹಿಗ್ಗಬೇಡಿ. 2.4 ಗಿಗಾಹರ್ಟ್ಸ್ ರೇಡಿಯೊದಲ್ಲಿ 300, 5 ಗಿಗಾಹರ್ಟ್ಸ್ ರೇಡಿಯೊದಲ್ಲಿ 867. ಎರಡನ್ನೂ ಕೂಡಿಸಿ, ಬಂದ 1167ಕ್ಕೆ ಕೈಯಿಂದ ಒಂದಿಷ್ಟು ಹಾಕಿದರೆ 1200. ಎಎಕ್ಸ್3000ದ ಗಣಿತವೂ ಇದೇ: 574, 2402, ಒಟ್ಟು 2976, ಮಿಕ್ಕ 24 ಪ್ರಿಂಟಿಂಗ್ ಪ್ರೆಸ್ಸಿನವರ ಕೊಡುಗೆ. ಸಾಮಾನ್ಯ ಫೋನು ಒಂದು ಸಲಕ್ಕೆ ಒಂದು ರೇಡಿಯೊವನ್ನಷ್ಟೇ ಹಿಡಿಯುವುದರಿಂದ ಈ ಕೂಡಿಕೆ ಅದರ ಪಾಲಿಗೆ ಬರುವುದೇ ಇಲ್ಲ. ಇನ್ನೊಂದು ತಮಾಷೆ ಇದೆ. ಹೊರಗೆ 1200 ಎಂದು ಬರೆದುಕೊಂಡ ಎಷ್ಟೋ ಅಗ್ಗದ ರೂಟರ್‌ಗಳ ಹಿಂಭಾಗದ ಕೇಬಲ್ ಪೋರ್ಟು ಬರೀ 100 ಎಂಬಿಪಿಎಸ್‌ನದು. ಇಂಟರ್ನೆಟ್ ಒಳಗೆ ಬರುವುದೇ ಆ ಕಂಡಿಯಿಂದ. ಮನೆಗೆ 200ರ ಪ್ಲಾನು ಹಾಕಿಸಿಕೊಂಡವರು ಆ ಕಂಡಿಯ ಮುಂದೆ ನಿಂತು ತಿಂಗಳು ತಿಂಗಳು ನೂರಕ್ಕೆ ಎಳ್ಳುನೀರು ಬಿಡುತ್ತಿರುತ್ತಾರೆ.

ಹಾಗಾಗಿ ಅಂಗಡಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಗಿಗಾಬಿಟ್ ಪೋರ್ಟು ಇದೆಯೇ ಎಂಬುದು. ಎರಡನೆಯ ಪ್ರಶ್ನೆಯನ್ನು ಮನೆಯಲ್ಲೇ ಕೇಳಿಕೊಳ್ಳಬೇಕು: ಇದನ್ನು ಎಲ್ಲಿ ಇಡುತ್ತೇನೆ? ನಮ್ಮಲ್ಲಿ ಈ ಪ್ರಶ್ನೆಗೆ ಉತ್ತರ ಕೊಡುವವನು ಫೈಬರ್ ಎಳೆಯಲು ಬಂದ ಹುಡುಗ. "ಎಲ್ಲಿ ಹಾಕ್ಲಿ ಸಾರ್?" ಎಂದು ಕೇಳುವಷ್ಟರಲ್ಲಿ ಅವನ ಡ್ರಿಲ್ಲು ಬಾಗಿಲ ಪಕ್ಕದ ಗೋಡೆಯೊಳಗೆ ಅರ್ಧ ಹೋಗಿರುತ್ತದೆ. ಅಲ್ಲಿಂದ ಮುಂದೆ ಚಪ್ಪಲಿ ಸ್ಟ್ಯಾಂಡಿಗೆ ಪೂರ್ತಿ ಸಿಗ್ನಲ್ಲು, ಹಿಂದಿನ ಕೋಣೆಗೆ ಒಂದು ಕಡ್ಡಿ. 5 ಗಿಗಾಹರ್ಟ್ಸ್ ಅಲೆಗೆ ವೇಗ ಹೆಚ್ಚು, ಗೋಡೆ ದಾಟುವ ಶಕ್ತಿ ಕಡಿಮೆ. 2.4 ದಾಟುತ್ತದೆ, ಆದರೆ ಆ ಹಾದಿಯಲ್ಲಿ ಪಕ್ಕದ ಮನೆ, ಮೇಲಿನ ಮನೆ, ಬ್ಲೂಟೂತು, ಮೈಕ್ರೋವೇವ್ ಓವನ್ನು ಎಲ್ಲವೂ ನುಗ್ಗಿಕೊಂಡಿರುತ್ತವೆ. ಆ ಬ್ಯಾಂಡಿನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ಲುಗಳು 1, 6, 11, ಮೂರೇ. ಅಪಾರ್ಟ್‌ಮೆಂಟಿನಲ್ಲಿ ಇಪ್ಪತ್ತು ಮನೆಯವರು ಆ ಮೂರನ್ನು ಹಂಚಿಕೊಳ್ಳಬೇಕು. ಇನ್ನು ಕಡ್ಡಿಯಾಕಾರದ ಆಂಟೆನಾ ತನ್ನ ಸುತ್ತ ಅಗಲವಾಗಿ ಅಲೆ ಹರಡುತ್ತದೆಯೇ ಹೊರತು ತುದಿ ತೋರಿಸಿದ ದಿಕ್ಕಿಗೆ ಬಹಳ ಕಡಿಮೆ. ಮಗನ ಕೋಣೆಯ ಕಡೆಗೆ ಕೊಂಬು ಬಾಗಿಸಿ "ಈಗ ಬಂತಾ?" ಎಂದು ಕೂಗುವವರು ನಿಜಕ್ಕೂ ಸಿಗ್ನಲ್ಲನ್ನು ಅವನಿಂದ ತಿರುಗಿಸುತ್ತಿದ್ದಾರೆ. ನೆಟ್ಟಗೆ ನಿಲ್ಲಿಸಿ, ಮನೆಯ ನಡುವೆ, ಎತ್ತರದಲ್ಲಿ ಇಡಿ. ಖರ್ಚು ಹತ್ತು ಮೀಟರ್ ಕೇಬಲ್ಲು. ನೂರರಲ್ಲಿ ತೊಂಬತ್ತು ಮನೆಗಳ ವೈಫೈ ಪುರಾಣ ಇಲ್ಲಿಗೇ ಮುಗಿದುಹೋಗಬೇಕು.

ನಮ್ಮ ಭಾವನಿಗೆ ಮಾತ್ರ ಇಲ್ಲಿಂದ ಶುರುವಾಗುತ್ತದೆ.

ರಾಜಾಜಿನಗರದ ಹಳೇ ಮನೆ, ಬ್ಯಾಂಕಿನಲ್ಲಿ ಕೆಲಸ, ಹಣೆಯ ಮೇಲೆ ಸದಾ ಕನ್ನಡಕ. ಭಾವ ಯಾವ ವಸ್ತುವನ್ನೂ ಕೊಂಡ ಸ್ಥಿತಿಯಲ್ಲಿ ಬಳಸಿದವರಲ್ಲ. ಮಿಕ್ಸಿ ತಂದರೆ ಮೊದಲು ಅಡಿ ನೋಡುತ್ತಾರೆ, ಸ್ಕ್ರೂ ಯಾವ ನಂಬರಿನದೆಂದು. ರೂಟರ್ ತಂದಾಗಲೂ ಹಾಗೇ ಆಯಿತು. "ಡಬ್ಬಕ್ಕೆ ದುಡ್ಡು ಕೊಟ್ಟೋನು ನಾನು. ಒಳಗಿನ ಬುದ್ಧಿ ಕಂಪನಿಯವರದು. ಅವರು ಎರಡು ವರ್ಷ ಅಪ್‌ಡೇಟ್ ಕೊಟ್ಟು ಕೈತೊಳ್ಕೋತಾರೆ, ಆಮೇಲೆ ತೂತು ಬಿದ್ರೆ ಯಾರು ಮುಚ್ತಾರೆ ಹೇಳು?" ಎಂದು ನನ್ನನ್ನೇ ಕೇಳಿದರು. ಅವರಿಗೆ ಉತ್ತರ ಬೇಕಿರಲಿಲ್ಲ, ಕೇಳುವವನು ಬೇಕಿತ್ತು. ಅಕ್ಕ ಅಷ್ಟರಲ್ಲಿ ಅಡುಗೆಮನೆಗೆ ಹೋಗಿಯಾಗಿತ್ತು.

ಬುದ್ಧಿ ಎಂದು ಭಾವ ಹೇಳುವುದು ಫರ್ಮ್‌ವೇರ್ ಅನ್ನು. ರೂಟರ್ ಅಂದರೆ ಪರದೆ, ಕೀಲಿಮಣೆ ಇಲ್ಲದ ಚಿಕ್ಕ ಕಂಪ್ಯೂಟರ್. ಪ್ರೊಸೆಸರ್ ಇದೆ, ಮೆಮೊರಿ ಇದೆ, ಫ್ಲ್ಯಾಶ್ ಚಿಪ್ಪಿನಲ್ಲಿ ಒಂದು ಆಪರೇಟಿಂಗ್ ಸಿಸ್ಟಂ ಇದೆ. ಕಂಪನಿ ಹಾಕಿದ್ದನ್ನು ತೆಗೆದು ಬೇರೆಯದನ್ನು ಹಾಕುವುದೇ ಭಾವನ ಪಂಗಡದವರ ಕುಲಕಸುಬು. ಅವರಿಗೆ ಮೂಲಪುರುಷರೂ ಇದ್ದಾರೆ, ಸ್ಥಳಪುರಾಣವೂ ಇದೆ. ಭಾವ ಕಾಫಿ ಲೋಟ ಕೆಳಗಿಟ್ಟರೆಂದರೆ ಪುರಾಣ ಶುರುವಾಯಿತೆಂದೇ ತಿಳಿಯಬೇಕು.

2002ರ ಡಿಸೆಂಬರ್‌ನಲ್ಲಿ ಲಿಂಕ್‌ಸಿಸ್ ಎಂಬ ಅಮೆರಿಕದ ಕಂಪನಿ ನೀಲಿ-ಕಪ್ಪು ಬಣ್ಣದ, ಎರಡೇ ಎರಡು ಕೊಂಬಿನ ಒಂದು ರೂಟರ್ ಬಿಟ್ಟಿತು. ಹೆಸರು ಡಬ್ಲ್ಯುಆರ್‌ಟಿ54ಜಿ. 4 ಎಂಬಿ ಫ್ಲ್ಯಾಶ್, 16 ಎಂಬಿ ರ‍್ಯಾಮ್. ಈಗ ವಾಟ್ಸಾಪಿನಲ್ಲಿ ಬರುವ ಒಂದು ಶುಭೋದಯದ ವಿಡಿಯೊ ಅದಕ್ಕೆ ಹಿಡಿಸದು. ಮರುವರ್ಷ ಮಾರ್ಚಿನಲ್ಲಿ ಸಿಸ್ಕೊ ಕಂಪನಿ ಸುಮಾರು 50 ಕೋಟಿ ಡಾಲರಿಗೆ ಲಿಂಕ್‌ಸಿಸ್ ಕೊಂಡುಕೊಳ್ಳುವುದಾಗಿ ಸಾರಿತು. ಜೂನ್ ಹೊತ್ತಿಗೆ ಲಿನಕ್ಸ್ ಎಂಬ ಮುಕ್ತ ಆಪರೇಟಿಂಗ್ ಸಿಸ್ಟಂ ಬಲ್ಲ ಕೆಲವರು ಡಬ್ಬದ ಫರ್ಮ್‌ವೇರ್ ಬಿಚ್ಚಿ ನೋಡಿ, "ಅರೆ, ಇದು ನಮ್ಮ ಲಿನಕ್ಸೇ" ಎಂದರು. ಲಿನಕ್ಸ್ ಇರುವುದು ಜಿಪಿಎಲ್ ಎಂಬ ಲೈಸೆನ್ಸಿನಡಿ. ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಮಾರಲೂಬಹುದು. ಆದರೆ ಮಾರಿದ ಮೇಲೆ ಅದರ ಮೂಲ ಕೋಡನ್ನು ಕೊಂಡವರಿಗೆ ಕೊಡಬೇಕು. ಸಿಸ್ಕೊದವರು ಬೆಚ್ಚಿಬಿದ್ದರು. ಕೋಡು ಹಾಕಿದ್ದು ಅವರಲ್ಲ, ಲಿಂಕ್‌ಸಿಸ್‌ನವರೂ ಅಲ್ಲ. ಲಿಂಕ್‌ಸಿಸ್‌ಗೆ ಡಬ್ಬ ಮಾಡಿಕೊಟ್ಟಿದ್ದು ತೈವಾನಿನ ಸೈಬರ್‌ಟ್ಯಾನ್, ಅವರಿಗೆ ಚಿಪ್ಪಿನ ಜೊತೆ ಲಿನಕ್ಸನ್ನೂ ಕೊಟ್ಟಿದ್ದು ಬ್ರಾಡ್‌ಕಾಮ್. ಐವತ್ತು ಕೋಟಿ ಎಣಿಸಿದವರಿಗೆ ಒಳಗೆ ಯಾರ ಬುದ್ಧಿ ಇದೆಯೆಂದು ಗೊತ್ತಿರಲಿಲ್ಲ. "ಅಷ್ಟು ದೊಡ್ಡೋರೇ ಅಡಿ ತಿರುಗಿಸಿ ನೋಡ್ಲಿಲ್ಲ ಕಣೋ" ಎನ್ನುವಾಗ ಭಾವನ ಮುಖದಲ್ಲಿ ಮಿಕ್ಸಿ ಅಡಿ ನೋಡಿದವನ ಹೆಮ್ಮೆ.

2003ರಲ್ಲೇ ಕೋಡು ಹೊರಬಂತು. ಊರಿನ ಹುಡುಗರ ಕೈಗೆ ಮೈದಾನದ ಕೀಲಿ ಸಿಕ್ಕಿತು. ಆ ರೂಟರಿನ ಸೆಟಿಂಗ್ಸ್ ಪುಟದಲ್ಲಿ ಪಿಂಗ್ ಮಾಡಲು ವಿಳಾಸ ಬರೆಯುವ ಜಾಗವಿತ್ತು. ಅಲ್ಲಿ ವಿಳಾಸದ ಬದಲು ಲಿನಕ್ಸ್ ಆಜ್ಞೆ ಬರೆದರೆ ಡಬ್ಬ ಪ್ರಶ್ನೆಯಿಲ್ಲದೆ ಪಾಲಿಸುತ್ತಿತ್ತು. ಹೊಸ ಮದುವಣಿಗನಿಗೂ ಇಷ್ಟು ವಿಧೇಯತೆ ಇರಲಾರದು. 2004ರ ಜನವರಿಯಲ್ಲಿ ಓಪನ್‌ಡಬ್ಲ್ಯುಆರ್‌ಟಿ ಹುಟ್ಟಿತು. ಸ್ವೀಸಾಫ್ಟ್ ಎಂಬ ಇನ್ನೊಂದು ಫರ್ಮ್‌ವೇರಿನವರು ಚಂದಾ ಕೇಳತೊಡಗಿದಾಗ ಜಗಳವಾಗಿ, ಜರ್ಮನಿಯ ಸೆಬಾಸ್ಟಿಯನ್ ಗಾಟ್‌ಶಾಲ್ ಡಿಡಿ-ಡಬ್ಲ್ಯುಆರ್‌ಟಿ ತಂದರು. ಡಿಡಿ ಎಂದರೆ ಡ್ರೆಸ್ಡೆನ್ ಊರಿನ ಗಾಡಿಗಳ ನಂಬರ್ ಪ್ಲೇಟಿನ ಅಕ್ಷರ. ರಾಜಾಜಿನಗರದಲ್ಲಿ ಹುಟ್ಟಿದ್ದರೆ ಅದು ಕೆಎ02-ಡಬ್ಲ್ಯುಆರ್‌ಟಿ ಆಗುತ್ತಿತ್ತು ಎಂಬ ಕೊರಗು ಭಾವನಿಗೆ ಇನ್ನೂ ಇದೆ. ಜೊನಾಥನ್ ಝರಾಟೆ ಟೊಮ್ಯಾಟೊ ಎಂಬುದನ್ನು ಮಾಡಿದರು. ಮನೆಯಲ್ಲಿ ಎಷ್ಟು ಡೇಟಾ ಖರ್ಚಾಯಿತೆಂದು ಗ್ರಾಫು ಬರೆದು ತೋರಿಸುವ ಚಾಡಿಕೋರ.

ಓಪನ್‌ಡಬ್ಲ್ಯುಆರ್‌ಟಿಯವರದು ಇನ್ನೊಂದು ಶೋಕಿ. ಆವೃತ್ತಿಗಳಿಗೆಲ್ಲ ಕಾಕ್‌ಟೇಲ್‌ಗಳ ಹೆಸರು: ವೈಟ್ ರಷ್ಯನ್, ಕಾಮಿಕಾಝೆ, ಬ್ಯಾಕ್‌ಫೈರ್. ಲಾಗಿನ್ ಆದೊಡನೆ ಆ ಪೇಯ ಬೆರೆಸುವ ವಿಧಾನವೂ ಪರದೆಯ ಮೇಲೆ ಬರುತ್ತಿತ್ತು. ಒಂದು ಸಂಜೆ ಅಕ್ಕನ ಅತ್ತೆ ಹಿಂದಿನಿಂದ ಬಗ್ಗಿ ನೋಡಿದಾಗ ಕಂಡದ್ದು ಅದೇ ಪುಟ. ಅವರಿಗೆ ಇಂಗ್ಲಿಷ್ ಪತ್ರಿಕೆ ಓದುವಷ್ಟು ಬರುತ್ತದೆ, ವೋಡ್ಕಾ ಎಂಬ ಪದ ಅದರಲ್ಲಿ ದಿನಾ ಇರುತ್ತದೆ. ಫರ್ಮ್‌ವೇರ್ ಅಪ್‌ಡೇಟ್ ಮಾಡುತ್ತಿದ್ದೇನೆಂದು ಭಾವ ಎಷ್ಟು ಹೇಳಿದರೂ ಆ ತಿಂಗಳು ಮನೆಯಲ್ಲಿ ಯಾರೂ ನಂಬಲಿಲ್ಲ. ಮುಂದೆ ಆ ಬಳಗದಲ್ಲೂ ಮನಸ್ತಾಪವಾಗಿ 2016ರ ಮೇ ತಿಂಗಳಲ್ಲಿ ಕೆಲವರು ಲೆಡೆ ಎಂಬ ಹೆಸರಿನಲ್ಲಿ ಪಾಲಾದರು. 2018ರ ಜನವರಿಯಲ್ಲಿ ಮತ್ತೆ ಒಂದಾದರು. ಒಂದಾದ ಮೇಲೆ ಮದ್ಯದ ಹೆಸರುಗಳು ಹೋಗಿ 18.06, 19.07 ಎಂದು ಬರೀ ವರ್ಷ-ತಿಂಗಳು ಉಳಿದವು. ಸಂಸಾರ ಸರಿಯಾಗಲು ಎಲ್ಲ ಕಡೆ ಇದೇ ಮೊದಲ ಷರತ್ತು.

ಕಂಪನಿಯ ಕಥೆಗೂ ಒಂದು ಬಾಲವಿದೆ. 2005ರಲ್ಲಿ ಲಿಂಕ್‌ಸಿಸ್‌ನವರು ಡಬ್ಲ್ಯುಆರ್‌ಟಿ54ಜಿಯ ಐದನೇ ಆವೃತ್ತಿಯಿಂದ ಲಿನಕ್ಸ್ ಕಿತ್ತು ಬೇರೆ ಸಿಸ್ಟಂ ಹಾಕಿದರು, ಫ್ಲ್ಯಾಶನ್ನೂ ರ‍್ಯಾಮನ್ನೂ ಅರ್ಧಕ್ಕೆ ಇಳಿಸಿದರು. ಗಿರಾಕಿಗಳು ಗಲಾಟೆ ಎಬ್ಬಿಸಿದ್ದೇ ತಡ, ಹಳೇ ಡಬ್ಬವನ್ನೇ ಡಬ್ಲ್ಯುಆರ್‌ಟಿ54ಜಿಎಲ್ ಎಂದು ಪ್ರತ್ಯೇಕವಾಗಿ ಮಾರಾಟಕ್ಕಿಟ್ಟರು. ಹನ್ನೊಂದು ವರ್ಷ ಕಳೆದು 2016ರಲ್ಲೂ ಅದು ಮಾರಾಟವಾಗುತ್ತಲೇ ಇತ್ತು. ವೇಗ ಅದೇ 54, ಕೊಂಬು ಅವೇ ಎರಡು. ಜನ ದುಡ್ಡು ಕೊಟ್ಟದ್ದು ಒಳಗಿನದನ್ನು ತಮ್ಮಿಷ್ಟದಂತೆ ಬದಲಿಸಬಹುದೆಂಬ ಒಂದೇ ಕಾರಣಕ್ಕೆ.

ಇನ್ನು ಆರಿಸುವ ಪರಿ. ಸಾಮಾನ್ಯ ಗಿರಾಕಿ ಡಬ್ಬದ ಮುಖ ನೋಡುತ್ತಾನೆ, ಭಾವ ಬೆನ್ನು ನೋಡುತ್ತಾರೆ. ಒಂದೇ ಹೆಸರು, ಒಂದೇ ಚಿತ್ರ, ಒಂದೇ ಬೆಲೆಯ ಎರಡು ಡಬ್ಬಗಳ ಒಳಗೆ ಬೇರೆ ಬೇರೆ ಚಿಪ್ಪು ಇರುವುದುಂಟು. ಟಿಪಿ-ಲಿಂಕ್ ಆರ್ಚರ್ ಎ6ರ ಎರಡನೇ ಆವೃತ್ತಿಯಲ್ಲಿ ಕ್ವಾಲ್‌ಕಾಮ್, ಮೂರನೆಯದರಲ್ಲಿ ಮೀಡಿಯಾಟೆಕ್. ಒಂದರ ಫೈಲು ಇನ್ನೊಂದಕ್ಕೆ ಹಾಕುವಂತಿಲ್ಲ. ಈ ವ್ಯತ್ಯಾಸ ಬರೆದಿರುವುದು ತಳದ ಸ್ಟಿಕ್ಕರಿನಲ್ಲಿ, ಭೂತಗನ್ನಡಿ ಬೇಡುವ ಅಕ್ಷರದಲ್ಲಿ. ಎಸ್.ಪಿ. ರೋಡಿನಲ್ಲಿ ಭಾವ ಒಂದೊಂದೇ ಡಬ್ಬ ಮಗುಚುತ್ತ "ವರ್ಷನ್ ಮೂರು ಇಲ್ವಾ?" ಎಂದರೆ, ಅಂಗಡಿಯವನು "ಎಲ್ಲಾ ಒಂದೇ ಸಾರ್, ಬಾಕ್ಸ್ ಮಾತ್ರ ಚೇಂಜು" ಎನ್ನುತ್ತಾನೆ. ಬಾಕ್ಸ್ ಮಾತ್ರ ಒಂದೇ, ಉಳಿದದ್ದೆಲ್ಲ ಚೇಂಜು ಎಂದು ಭಾವ ತಿದ್ದುವಷ್ಟರಲ್ಲಿ ಆತ ಕೊಂಬಿನ ಗಿರಾಕಿಯ ಕಡೆ ಹೊರಳಿರುತ್ತಾನೆ.

ಹಾಗೆ ಮಗುಚುವ ಮೊದಲು ಮನೆಯಲ್ಲೇ ಓಪನ್‌ಡಬ್ಲ್ಯುಆರ್‌ಟಿಯವರ ಹಾರ್ಡ್‌ವೇರ್ ಪಟ್ಟಿ ನೋಡಿಕೊಂಡು ಹೋಗುವುದು ಜಾಣತನ. ಈಗಿನ ಆವೃತ್ತಿಗಳಿಗೆ 16 ಎಂಬಿ ಫ್ಲ್ಯಾಶ್, 128 ಎಂಬಿ ರ‍್ಯಾಮ್ ಆದರೂ ಇರಲಿ ಎನ್ನುತ್ತಾರೆ ಅವರು. ಇನ್ನೊಂದು ಎಚ್ಚರಿಕೆ: ಬ್ರಾಡ್‌ಕಾಮ್ ವೈಫೈ ಚಿಪ್ಪಿದ್ದರೆ ದೂರವಿರಿ, ಅದಕ್ಕೆ ಸರಿಯಾದ ಮುಕ್ತ ಡ್ರೈವರ್ ಸಿಗುವುದಿಲ್ಲ. ಯಾವ ಕಂಪನಿಯ ಚಿಪ್ಪಿನಿಂದ ಈ ಪಂಗಡ ಹುಟ್ಟಿತೋ ಅದೇ ಕಂಪನಿಯ ಚಿಪ್ಪು ಇವರಿಗೆ ಈಗ ಮೈಲಿಗೆ. ಇನ್ನೊಂದು ಕಡೆ, ಯಾರ ಫರ್ಮ್‌ವೇರನ್ನು ಕಿತ್ತುಹಾಕಲು ಇವರು ಹೊರಟರೋ ಆ ಕಂಪನಿಗಳೇ ಇವರ ಮನೆಗೆ ಬಂದು ಕಡ ತೆಗೆದುಕೊಂಡು ಹೋಗಿದ್ದಾರೆ. ಏಸುಸ್ ರೂಟರಿನ ಫರ್ಮ್‌ವೇರ್ ಬೆಳೆದದ್ದು ಟೊಮ್ಯಾಟೊ ಬೇರಿನಿಂದ. ಕ್ವಾಲ್‌ಕಾಮ್ ತನ್ನ ಚಿಪ್ಪಿನ ಜೊತೆ ತಯಾರಕರಿಗೆ ಕೊಡುವ ಕಿಟ್ಟಿನ ಬುಡದಲ್ಲಿರುವುದು ಓಪನ್‌ಡಬ್ಲ್ಯುಆರ್‌ಟಿ. ಎಷ್ಟೋ ಡಬ್ಬಗಳಲ್ಲಿ ಕಂಪನಿಯವರು ಹಾಕಿದ ಹಳೇ ಓಪನ್‌ಡಬ್ಲ್ಯುಆರ್‌ಟಿಯನ್ನು ಅಳಿಸಿ ಭಾವನಂಥವರು ಹೊಸ ಓಪನ್‌ಡಬ್ಲ್ಯುಆರ್‌ಟಿ ಹಾಕಿ ಗೆದ್ದೆನೆಂದು ಮೀಸೆ ತಿರುವುತ್ತಾರೆ.

ಅಷ್ಟಾದರೂ ನಮ್ಮ ದೇಶದ ಮನೆಗಳಲ್ಲಿ ಕಥೆ ಮುಗಿಯುವುದಿಲ್ಲ, ಯಾಕೆಂದರೆ ಫೈಬರ್ ಬಂದು ಸೇರುವುದು ಕಂಪನಿಯವರು "ಫ್ರೀ" ಎಂದು ತಗುಲಿಹಾಕಿ ಹೋದ ಇನ್ನೊಂದು ಡಬ್ಬಕ್ಕೆ. ಅದು ನಮ್ಮ ಗೋಡೆಯ ಮೇಲೆ, ನಮ್ಮ ಕರೆಂಟು ಕುಡಿದು ಬದುಕುತ್ತದೆ. ಅದರ ಪೂರ್ತಿ ಪಾಸ್‌ವರ್ಡು ಮಾತ್ರ ನಮಗಿಲ್ಲ. ಟಿಆರ್-069 ಎಂಬ ಪದ್ಧತಿ 2004ರಿಂದ ಇದೆ. ಅದರ ಮೂಲಕ ಇಂಟರ್ನೆಟ್ ಕೊಡುವವರು ತಮ್ಮ ಆಫೀಸಿನಲ್ಲಿ ಕುಳಿತೇ ನಮ್ಮ ಮನೆಯ ಡಬ್ಬದ ಸೆಟಿಂಗು ಬದಲಿಸಬಹುದು. ಕೆಟ್ಟರೆ ದೂರದಿಂದಲೇ ರಿಪೇರಿ ಮಾಡುವುದಕ್ಕೆಂದು ಮಾಡಿದ ಅನುಕೂಲ ಅದು, ಒಳ್ಳೆಯದೇ. ಆದರೆ ಭಾವನಿಗೆ ತನ್ನ ರೂಟರಿನ ಮೇಲೆ ಇನ್ನೊಬ್ಬ ಯಜಮಾನ ಕೂತಿರುವುದು ಸಹನೆಯಾಗಲಿಲ್ಲ. ಆ ಡಬ್ಬವನ್ನು ಬ್ರಿಡ್ಜ್ ಮೋಡಿಗೆ ಹಾಕಿಸಿದರೆ ಅದು ಬರೀ ದಾರಿಯಾಗಿ ಉಳಿದು, ಯಜಮಾನಿಕೆ ನಮ್ಮ ರೂಟರಿಗೆ ಬರುತ್ತದೆ. ಕಸ್ಟಮರ್ ಕೇರಿಗೆ ಫೋನು ಹೋಯಿತು.

"ಮೇಡಂ, ಬ್ರಿಡ್ಜ್ ಮೋಡ್ ಮಾಡಿಕೊಡಿ."

"ಸರ್, ರೆಡ್ ಲೈಟ್ ಬರ್ತಾ ಇದ್ಯಾ?"

"ಇಲ್ಲಮ್ಮ, ಎಲ್ಲಾ ಗ್ರೀನೇ. ಬ್ರಿಡ್ಜ್ ಮೋಡ್ ಬೇಕು."

"ಒಂದ್ಸಲ ಆಫ್ ಮಾಡಿ ಆನ್ ಮಾಡಿ ಸರ್."

ಈ ಆಫ್-ಆನ್ ಮಂತ್ರವನ್ನು ಹಗುರವಾಗಿ ಕಾಣಬೇಡಿ. 2018ರ ಮೇ ತಿಂಗಳಲ್ಲಿ ವಿಪಿಎನ್‌ಫಿಲ್ಟರ್ ಎಂಬ ಕುತಂತ್ರಾಂಶ ಸುಮಾರು ಐದು ಲಕ್ಷ ರೂಟರ್‌ಗಳೊಳಗೆ ಹೊಕ್ಕಿದೆ ಎಂದು ಗೊತ್ತಾದಾಗ, ಅಮೆರಿಕದ ಎಫ್‌ಬಿಐ ಜನರಿಗೆ ಕೊಟ್ಟ ಸಲಹೆಯೂ ರೂಟರನ್ನು ಒಮ್ಮೆ ರೀಬೂಟ್ ಮಾಡಿ ಎಂದೇ. ಅಮೆರಿಕದ ಪತ್ತೇದಾರರಿಂದ ಹಿಡಿದು ನಮ್ಮ ಕೇಬಲ್‌ ಹುಡುಗನವರೆಗೆ ಎಲ್ಲರ ಬತ್ತಳಿಕೆಯಲ್ಲೂ ಕೊನೆಗೆ ಇರುವುದು ಇದೊಂದೇ ಬಾಣ.

ಅಂತೂ ಫರ್ಮ್‌ವೇರ್ ಬದಲಿಸುವ ದಿನ ಬಂತು. ವಿಧಿಗಳು ಸರಳ. ವೈಫೈ ಮೇಲೆ ಮಾಡಬಾರದು, ಕೇಬಲ್ ಚುಚ್ಚಿ ಮಾಡಬೇಕು. ಕರೆಂಟು ಹೋಗದಂತೆ ಯುಪಿಎಸ್ ಇರಬೇಕು. ಫೈಲುಗಳನ್ನು ಮೊದಲೇ ಇಳಿಸಿಟ್ಟುಕೊಳ್ಳಬೇಕು, ಯಾಕೆಂದರೆ ಆಮೇಲೆ ಇಳಿಸಲು ನೆಟ್ ಇರುವುದಿಲ್ಲ. ಮೊದಲ ಸಲಕ್ಕೆ "ಫ್ಯಾಕ್ಟರಿ" ಎಂಬ ಹೆಸರಿನ ಫೈಲು, ಮುಂದಿನ ಸಲಗಳಿಗೆ "ಸಿಸ್‌ಅಪ್‌ಗ್ರೇಡ್". ಮುಹೂರ್ತ ಮಾತ್ರ ಯಾವ ಕೈಪಿಡಿಯಲ್ಲೂ ಬರೆದಿಲ್ಲ. ಭಾವ ಆರಿಸಿಕೊಂಡದ್ದು ಭಾನುವಾರ ಸಂಜೆ: ಮಗನಿಗೆ ಕ್ರಿಕೆಟ್ ಮ್ಯಾಚು, ಅಕ್ಕನಿಗೆ ಆಫೀಸಿನ ಕಾಲ್, ಅತ್ತೆಗೆ ನ್ಯೂಜೆರ್ಸಿಯ ಮಗಳ ವಿಡಿಯೊ ಕಾಲ್. ಪರದೆಯ ಮೇಲಿನ ಗೆರೆ ನೂರು ಮುಟ್ಟಿತು, ಡಬ್ಬ ರೀಬೂಟ್ ಆಯಿತು, ಮನೆಯಲ್ಲಿದ್ದ ಅಷ್ಟೂ ವೈಫೈ ಮಾಯವಾಯಿತು.

"ಸತ್ತೇ ಹೋಯ್ತಾ?" ಎಂದರು ಅಕ್ಕ. ಆ ದನಿಯಲ್ಲಿ ರೂಟರಿನ ಮೇಲಿನ ಮರುಕ ಇರಲಿಲ್ಲ.

ಭಾವ ಹಳಬರು ಹೇಳಿಕೊಟ್ಟ 30-30-30 ಪ್ರಯೋಗಕ್ಕೆ ಇಳಿದರು. ರೀಸೆಟ್ ಗುಂಡಿಯನ್ನು ಮೂವತ್ತು ಸೆಕೆಂಡು ಒತ್ತಿಹಿಡಿ. ಬೆರಳು ತೆಗೆಯದೆ ಕರೆಂಟು ಕಿತ್ತು ಮೂವತ್ತು ಸೆಕೆಂಡು. ಮತ್ತೆ ಕರೆಂಟು ಕೊಟ್ಟು ಇನ್ನೂ ಮೂವತ್ತು. ಒಂದು ಕೈಯಲ್ಲಿ ಪಿನ್ನು, ಇನ್ನೊಂದರಲ್ಲಿ ವೈರು, ಬಾಯಲ್ಲಿ ಎಣಿಕೆ. ಸಂಧ್ಯಾವಂದನೆಗೂ ಅವರು ಇಷ್ಟು ಏಕಾಗ್ರತೆ ತೋರಿದ್ದಿಲ್ಲ ಎಂಬುದು ಅತ್ತೆಯ ಹೇಳಿಕೆ. ನಿಜ ಏನೆಂದರೆ ಡಬ್ಬ ಸತ್ತಿರಲೇ ಇಲ್ಲ. ಓಪನ್‌ಡಬ್ಲ್ಯುಆರ್‌ಟಿಯನ್ನು ಹೊಸದಾಗಿ ಹಾಕಿದಾಗ ವೈಫೈ ಆಫ್ ಆಗಿರುವುದೇ ರೂಢಿ. ಪಾಸ್‌ವರ್ಡಿಲ್ಲದ ವೈಫೈ ಬೀದಿಗೆ ತೆರೆದಿರುವುದು ಬೇಡವೆಂಬ ಎಚ್ಚರ. ಕೇಬಲ್ ಮೂಲಕ 192.168.1.1ಕ್ಕೆ ಹೋಗಿ ನಾವೇ ಆನ್ ಮಾಡಬೇಕು. ಅಲ್ಲಿಗೆ ಹೋದರೆ ಕಂಪನಿಯ ಫ್ರೀ ಡಬ್ಬದ ವಿಳಾಸವೂ ಅದೇ. ಒಂದೇ ಮನೆಯಲ್ಲಿ ಇಬ್ಬರು ಯಜಮಾನರು, ಇಬ್ಬರದೂ ಒಂದೇ ಡೋರ್ ನಂಬರು. ಭಾವ ತಮ್ಮ ಡಬ್ಬದ ಮನೆ ಬದಲಿಸಿ ವೈಫೈ ಹಚ್ಚುವ ಹೊತ್ತಿಗೆ ಮ್ಯಾಚು ಮುಗಿದು, ಕಾಲ್ ಮುಗಿದು, ನ್ಯೂಜೆರ್ಸಿಯವರು ಮೆಸೇಜು ಹಾಕಿದ್ದರು: "ಅಮ್ಮ ಹುಷಾರಾಗಿದ್ದಾರಾ?"

ಫರ್ಮ್‌ವೇರ್ ಬದಲಿಸಿದವರಿಗೆಲ್ಲ ಒಂದು ಹುಚ್ಚು ಹಿಡಿಯುತ್ತದೆ: ಪವರ್ ಹೆಚ್ಚಿಸುವುದು. ಸೆಟಿಂಗಿನಲ್ಲಿ ಅಂಕಿ ಕಂಡರೆ ಕೈ ಸುಮ್ಮನಿರದು. ರೂಟರ್ ಜೋರಾಗಿ ಕಿರುಚಿದರೆ ಫೋನಿಗೇನೋ ಕೇಳುತ್ತದೆ. ಫೋನಿನ ಸಣ್ಣ ದನಿ ರೂಟರಿಗೆ ಕೇಳಬೇಕಲ್ಲ? ಕಡ್ಡಿ ನಾಲ್ಕೂ ತುಂಬಿ, ಪುಟ ಮಾತ್ರ ತೆರೆಯದ ವಿಚಿತ್ರ ಹುಟ್ಟುವುದು ಹೀಗೆ. ಕಾನೂನಿನ ಮಾತೂ ಇದೆ. ನಮ್ಮಲ್ಲಿ 2018ರ ಅಕ್ಟೋಬರ್‌ನಲ್ಲಿ 5 ಗಿಗಾಹರ್ಟ್ಸ್ ಆಸುಪಾಸಿನ 605 ಮೆಗಾಹರ್ಟ್ಸ್ ತರಂಗಾಂತರಕ್ಕೆ ಲೈಸೆನ್ಸ್ ಬೇಡವೆಂದು ಮಾಡಿದರು, ಪವರಿನ ಮಿತಿಗೆ ಒಳಪಟ್ಟು. ಅಮೆರಿಕದಲ್ಲಿ ವಿಮಾನ ನಿಲ್ದಾಣದ ಹವಾಮಾನ ರೇಡಾರ್‌ಗಳಿಗೆ ವೈಫೈ ಉಪಕರಣಗಳು ಅಡ್ಡಬಂದವೆಂದು ಅಲ್ಲಿನ ದೂರಸಂಪರ್ಕ ನಿಯಂತ್ರಕ ಎಫ್‌ಸಿಸಿ ನಿಯಮ ಬಿಗಿ ಮಾಡಿತು. 2015ರಲ್ಲಿ ತಯಾರಕರಿಗೆ ಕಳಿಸಿದ ಪ್ರಶ್ನೆಗಳಲ್ಲಿ ಡಿಡಿ-ಡಬ್ಲ್ಯುಆರ್‌ಟಿಯ ಹೆಸರನ್ನೇ ಎತ್ತಿ, ಇಂಥವನ್ನು ಹಾಕದಂತೆ ಹೇಗೆ ತಡೆಯುತ್ತೀರಿ ಎಂದು ಕೇಳಿತು. ಇಂಟರ್ನೆಟ್ಟಿನ ಪಿತಾಮಹರಲ್ಲಿ ಒಬ್ಬರಾದ ವಿಂಟ್ ಸರ್ಫ್ ಸೇರಿದಂತೆ ಇನ್ನೂರಕ್ಕೂ ಹೆಚ್ಚು ತಜ್ಞರು ಆಕ್ಷೇಪಿಸಿ ಪತ್ರ ಬರೆದರು. ನವೆಂಬರ್‌ನಲ್ಲಿ ಆ ಮಾತು ತೆಗೆದರು. 2016ರ ಆಗಸ್ಟ್‌ನಲ್ಲಿ ಪವರ್ ಮಿತಿ ಮೀರಬಹುದಾದ ರೂಟರ್ ಮಾರಿದ್ದಕ್ಕೆ ಟಿಪಿ-ಲಿಂಕ್ ಎರಡು ಲಕ್ಷ ಡಾಲರ್ ದಂಡ ಕಟ್ಟಿತು; ಅದೇ ಒಪ್ಪಂದದಲ್ಲಿ ಹೊರಗಿನ ಫರ್ಮ್‌ವೇರ್‌ಗೆ ಅನುವು ಮಾಡಿಕೊಡಲೂ ಒಪ್ಪಿತು. ಬುದ್ಧಿ ಯಾರದಾದರೂ ಇರಲಿ, ಕಿರುಚುವುದಕ್ಕೆ ಮಿತಿ ಇರಲಿ ಎಂಬ ತೀರ್ಪು.

ಇಷ್ಟೆಲ್ಲ ರಂಪದಿಂದ ಸಿಕ್ಕಿದ್ದೇನು? ಒಂದು ಅಸಲಿ ಲಾಭವಿದೆ, ಅದನ್ನು ಹೇಳದೆ ಭಾವನನ್ನು ಬರೀ ಗೇಲಿ ಮಾಡಿದರೆ ಪಾಪ ಬರುತ್ತದೆ. ಯಾರದೋ ಫೋನು ಫೋಟೊಗಳನ್ನು ಮೇಲೇರಿಸತೊಡಗಿದೊಡನೆ ಮನೆಯ ವಿಡಿಯೊ ಕಾಲ್‌ಗಳು ತೊದಲುವುದನ್ನು ನೀವೂ ಕಂಡಿರುತ್ತೀರಿ. 2010ರಲ್ಲಿ ಜಿಮ್ ಗೆಟಿಸ್ ಎಂಬವರು ತಮ್ಮ ಮನೆಯಲ್ಲೇ ಇದನ್ನು ಕಂಡು ಬಫರ್‌ಬ್ಲೋಟ್ ಎಂದು ಹೆಸರಿಟ್ಟರು. ಡಬ್ಬದೊಳಗೆ ಪ್ಯಾಕೆಟ್ಟುಗಳು ಕಾಯುವ ಸಾಲು ವಿಪರೀತ ಉದ್ದ; ಫೋಟೊದ ಸಾವಿರ ಪ್ಯಾಕೆಟ್ಟಿನ ಹಿಂದೆ ಅಮ್ಮನ ಒಂದು "ಹಲೋ" ನಿಂತಿರುತ್ತದೆ. ಅದು ಮುಂದೆ ಬರುವ ಹೊತ್ತಿಗೆ ಮಗಳು "ಕೇಳಿಸ್ತಿಲ್ಲಮ್ಮ" ಎಂದಿರುತ್ತಾಳೆ. ಕ್ಯಾಥ್ಲೀನ್ ನಿಕೋಲ್ಸ್, ವ್ಯಾನ್ ಜೇಕಬ್‌ಸನ್ 2012ರಲ್ಲಿ ಇದಕ್ಕೊಂದು ಉಪಾಯ ಕೊಟ್ಟರು. 2025ರಲ್ಲಿ ತೀರಿಕೊಂಡ ಡೇವ್ ಟಾಟ್ ಅದನ್ನು ಮನೆಮನೆಯ ರೂಟರಿಗೆ ತಲುಪಿಸಲು ವರ್ಷಗಟ್ಟಲೆ ಓಡಾಡಿದರು. ಭಾಷಣಕ್ಕೆ ಬಂದವರನ್ನೇ ಎಬ್ಬಿಸಿ ಪ್ಯಾಕೆಟ್ಟುಗಳ ಪಾತ್ರ ಕೊಟ್ಟು ಸಾಲು ನಿಲ್ಲಿಸಿ ಆಡಿಸಿ ತೋರಿಸುತ್ತಿದ್ದರು. ಓಪನ್‌ಡಬ್ಲ್ಯುಆರ್‌ಟಿಯಲ್ಲಿ ಅದು ಎಸ್‌ಕ್ಯುಎಂ ಎಂಬ ಹೆಸರಿನಲ್ಲಿ ಸಿಗುತ್ತದೆ. ಮಾಡಬೇಕಾದ್ದು ಒಂದೇ: ನಮ್ಮ ಲೈನಿನ ವೇಗಕ್ಕಿಂತ ತುಸು ಕಡಿಮೆ ಅಂಕಿ ಬರೆಯುವುದು. ಆಗ ಸಾಲು ನಮ್ಮ ರೂಟರಿನೊಳಗೇ ನಿಲ್ಲುತ್ತದೆ. ಅದು ಫೋಟೊಗೊಂದು, ಹಲೋಗೊಂದು ಎಂದು ಸರತಿ ಹಂಚುತ್ತದೆ.

ಭಾವನದು 40 ಎಂಬಿಪಿಎಸ್ ಪ್ಲಾನು. 36 ಎಂದು ಬರೆದರು. ಅಕ್ಕ ಸ್ಪೀಡ್ ಟೆಸ್ಟ್ ಹಾಕಿ ನೋಡಿ, "ದುಡ್ಡು ಕಟ್ಟಿರೋದು ನಲವತ್ತಕ್ಕೆ. ನೀವೇ ಕೈಯಾರೆ ಮೂವತ್ತಾರು ಮಾಡಿದ್ರಾ? ಇದಕ್ಕೇನಾ ಇಷ್ಟು ದಿನ ಒದ್ದಾಡಿದ್ದು?" ಎಂದರು. ಬ್ಯಾಂಕಿನಲ್ಲಿ ಲಕ್ಷಗಟ್ಟಲೆ ಸಾಲದ ಲೆಕ್ಕ ಒಪ್ಪಿಸುವ ಮನುಷ್ಯನಿಗೆ ಆ ನಾಲ್ಕು ಎಂಬಿಯ ಲೆಕ್ಕ ಒಪ್ಪಿಸಲು ಇಂದಿಗೂ ಆಗಿಲ್ಲ.

ನನ್ನನ್ನು ಕೇಳಿದರೆ, ರೂಟರನ್ನು ಚಪ್ಪಲಿ ಸ್ಟ್ಯಾಂಡಿನಿಂದ ನಡುಮನೆಗೆ ತಂದರೆ ಸಾಕು ಎನ್ನುವವರು ಅಲ್ಲಿಗೇ ನಿಲ್ಲಲಿ, ಅಡ್ಮಿನ್ ಪಾಸ್‌ವರ್ಡ್ ಮಾತ್ರ ಇವತ್ತೇ ಬದಲಿಸಲಿ. ಕೈ ಕೆರೆಯುವವರು ಮನೆಯವರ ಡಬ್ಬ ಮುಟ್ಟದೆ ಎರಡನೆಯದೊಂದನ್ನು ತಂದುಕೊಳ್ಳಲಿ. ಕೆಡಿಸುವ ಭಯವಿದ್ದವರಿಗೆ ಓಪನ್‌ಡಬ್ಲ್ಯುಆರ್‌ಟಿ ಬಳಗವೇ 2024ರ ನವೆಂಬರ್‌ನಲ್ಲಿ ತನ್ನದೇ ರೂಟರ್ ಹೊರತಂದಿದೆ, ಓಪನ್‌ಡಬ್ಲ್ಯುಆರ್‌ಟಿ ಒನ್ ಎಂದು. ಆಗಿನ ಬೆಲೆ 89 ಡಾಲರ್. ಅದರಲ್ಲಿ ಫ್ಲ್ಯಾಶ್ ಚಿಪ್ಪು ಎರಡು. ಒಂದನ್ನು ಕೆಡಿಸಿಕೊಂಡರೆ ಒಂದು ಸ್ವಿಚ್ಚು ಸರಿಸಿ ಇನ್ನೊಂದರಿಂದ ಎಬ್ಬಿಸಬಹುದು. ಭಾವನಂಥವರನ್ನು ಬಹಳ ಹತ್ತಿರದಿಂದ ಬಲ್ಲವರು ಮಾಡಿದ ವಿನ್ಯಾಸ.

ಎಸ್‌ಕ್ಯುಎಂ ಹಾಕಿದ ಮುಂದಿನ ಭಾನುವಾರ ನಾನೂ ಅಲ್ಲಿದ್ದೆ. ಮಗನ ಫೋನು ಪ್ರವಾಸದ ಫೋಟೊಗಳನ್ನೆಲ್ಲ ಮೇಲೇರಿಸುತ್ತಿತ್ತು, ಆದರೂ ನ್ಯೂಜೆರ್ಸಿಯ ಮುಖ ಒಮ್ಮೆಯೂ ಕಲ್ಲಾಗಲಿಲ್ಲ, ಮಾತು ತುಂಡಾಗಲಿಲ್ಲ. ಮೊಮ್ಮಗಳು ಭರತನಾಟ್ಯದ ಹೊಸ ಅಡವು ಕುಣಿದು ತೋರಿಸಿದಳು, ಗೆಜ್ಜೆಗೂ ಹೆಜ್ಜೆಗೂ ತಾಳ ತಪ್ಪಲಿಲ್ಲ. ಭಾವ ಸೋಫಾದ ತುದಿಯಲ್ಲಿ ಕೂತು ಹೊಗಳಿಕೆಗೆ ಕಾಯುತ್ತಿದ್ದರು. ಅತ್ತೆ ಫೋನು ಕೆಳಗಿಟ್ಟು, "ಅಂತೂ ಅಮೆರಿಕದಲ್ಲಿ ನೆಟ್ಟು ಸರಿಹೋಯ್ತು ನೋಡು" ಎಂದರು.

"ಅಲ್ಲಮ್ಮ, ಅದು ಇಲ್ಲಿ... ಸಾಲು ಇತ್ತಲ್ಲ, ಪ್ಯಾಕೆಟ್ಟು..." ಎಂದು ಭಾವ ಬಾಯಿ ತೆರೆದರು.

"ಅಲ್ಲಿಯವರದು ಕೆಲಸ ಅಂದ್ರೆ ಕೆಲಸ ಕಣೋ. ನೀನೂ ಇದ್ದೀಯ, ಹೊತ್ತು ಹುಟ್ಟಿದ್ರೆ ಆ ಡಬ್ಬದ ಮುಂದೇ ಕೂತಿರ್ತೀಯ. ಏನು ಮಾಡ್ತೀಯೋ ಆ ದೇವರೇ ಬಲ್ಲ."